ಒಂದೇ ಮನೆಯ ಎರಡು ಮೂಗು

ತಂಗಿ,

ನಮ್ಮ ಪತ್ರಿಕೆಗೆ ನೀವು ಕಳಿಸಿದ 'ಹಳ್ಳೂರಿನ ಎಲುಬುಗಳು ಹೇಳುವ ಕತೆ' ಲೇಖನ ಓದಿದೆ. ವಿಷಯ ಹೊಸದು, ಭಾಷೆ ಸಲೀಸು. ಹಾವೇರಿ ಕಡೆಯ ಹುಡುಗಿಯೊಬ್ಬಳು ಧಾರವಾಡದಲ್ಲಿ ಮಾನವಶಾಸ್ತ್ರ ಓದಿ ಕನ್ನಡದಲ್ಲಿ ಬರೆಯುತ್ತಿದ್ದಾಳೆ ಅನ್ನೋದೇ ಖುಷಿ. ಹೊಗಳಿಕೆ ಇಲ್ಲಿಗೆ ಸಾಕು. ಈಗಿರುವ ಹಾಗೆ ಇದನ್ನು ಹಾಕಲು ಆಗುವುದಿಲ್ಲ. ಎರಡನೇ ಪುಟದ ಎರಡು ವಾಕ್ಯಕ್ಕೆ ನನಗೆ ರಾತ್ರಿ ಊಟ ರುಚಿಸಲಿಲ್ಲ.

ಮೊದಲನೆಯದು ಇದು: 'ಹಳ್ಳೂರಿನ ಆದಿಮಾನವರು ಅಗಲ ಮೂಗಿನ, ಕಪ್ಪು ಮೈಬಣ್ಣದ, ಸರಳ ಸ್ವಭಾವದ ಜನಾಂಗವಾಗಿದ್ದರು ಎಂದು ತಿಳಿದುಬರುತ್ತದೆ.'

ಒಂದೊಂದೇ ಪದ ಹಿಡಿದು ನೋಡೋಣ. 'ಆದಿಮಾನವರು' ಅಂದರೆ ಯಾರು? 1965ರಲ್ಲಿ ಪುರಾತತ್ತ್ವಜ್ಞ ಎಂ.ಎಸ್. ನಾಗರಾಜರಾವ್ ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ ಅಗೆಸಿದಾಗ ಸಿಕ್ಕವರು ಮೂರ್ನಾಲ್ಕು ಸಾವಿರ ವರ್ಷ ಹಿಂದಿನವರು. ದನ ಸಾಕಿದ್ದರು, ಗಡಿಗೆ ಮಾಡುತ್ತಿದ್ದರು, ಸತ್ತ ಕೂಸನ್ನು ಗಡಿಗೆಯಲ್ಲಿಟ್ಟು ಹೂಳುತ್ತಿದ್ದರು. ದೇಹದಲ್ಲಿ ಅವರು ನಿಮ್ಮ ನನ್ನ ಹಾಗೇ ಪೂರಾ ಮನುಷ್ಯರು. 'ಆದಿಮಾನವ' ಅಂದ ಕೂಡಲೇ ಓದುಗನ ಕಣ್ಣಿಗೆ ಸೊಪ್ಪು ಸುತ್ತಿಕೊಂಡ, ಬೆನ್ನು ಬಾಗಿದ ಒಂದು ಆಕೃತಿ ಬರುತ್ತದೆ. ಆ ಚಿತ್ರ ತಂದವರು ನೀವು.

'ಅಗಲ ಮೂಗು.' ಮೂಗಿನ ಮುಂಭಾಗ ಮೃದ್ವಸ್ಥಿ, ಅದು ಮಣ್ಣಲ್ಲಿ ಉಳಿಯುವುದಿಲ್ಲ. ಬುರುಡೆಯಲ್ಲಿ ಉಳಿಯುವುದು ಒಂದು ತೂತು, ಅದರ ಮೇಲೆ ಮೂಗಿನ ಬುಡದ ಚಿಕ್ಕ ಎಲುಬು ಮಾತ್ರ. ತೂತಿನ ಅಗಲವನ್ನು, ಮೂಗಿನ ಬುಡದಿಂದ ತೂತಿನ ತಳದವರೆಗಿನ ಎತ್ತರದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಮೂಗಿನ ಸೂಚ್ಯಂಕ ಬರುತ್ತದೆ. ಇದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಆದರೆ ಬದುಕಿರುವವರ ಮೂಗಿಗೆ 85 ದಾಟಿದರೆ 'ಅಗಲ', ಬುರುಡೆಗೆ 51ರ ಆಸುಪಾಸು ದಾಟಿದರೇ 'ಅಗಲ'. ಎರಡೂ ಬೇರೆ ಬೇರೆ ಅಳತೆ. ನೀವು ಬುರುಡೆಯ ಮಾತಾಡುತ್ತಾ ಬದುಕಿರುವವರ ಪಟ್ಟಿ ಹಾಕಿದ್ದೀರಿ. ಸೇರಿನಲ್ಲಿ ಬಟ್ಟೆ ಅಳೆದ ಹಾಗಾಯಿತು.

'ಕಪ್ಪು ಮೈಬಣ್ಣ.' ಎಲುಬಿಗೆ ಬಣ್ಣದ ನೆನಪಿಲ್ಲ. ಅದನ್ನು ಹೇಳಬೇಕಾದರೆ ಡಿಎನ್‌ಎ ಬೇಕು. ನಮ್ಮ ಬಿಸಿಲಿಗೆ ಅದು ಬೇಗ ಹಾಳಾಗುತ್ತದೆ. ಸಿಂಧೂ ನಾಗರಿಕತೆಯ ಊರಾದ ಹರಿಯಾಣದ ರಾಖಿಗಢಿಯಲ್ಲಿ ಅರವತ್ತಕ್ಕೂ ಹೆಚ್ಚು ಮಾದರಿ ಪರೀಕ್ಷಿಸಿ, 2019ರಲ್ಲಿ ಪ್ರಕಟಿಸುವಷ್ಟು ಡಿಎನ್‌ಎ ಸಿಕ್ಕಿದ್ದು ಒಬ್ಬಳೇ ಹೆಂಗಸಿನದು. ಹಳ್ಳೂರಿನ ಮೈಬಣ್ಣ ನಿಮಗೆ ಎಲ್ಲಿಂದ ಸಿಕ್ಕಿತು?

'ಸರಳ ಸ್ವಭಾವ.' ಇದಕ್ಕೆ ಬರೀ ಕೆಂಪು ಗೆರೆ ಎಳೆದಿದ್ದೇನೆ.

'ತಿಳಿದುಬರುತ್ತದೆ.' ಯಾರಿಗೆ? ನಮ್ಮ ಕಡೆಯ ಬರವಣಿಗೆಗೆ ಹತ್ತಿದ ಗೆದ್ದಲು ಇದು. 'ಎನ್ನಲಾಗಿದೆ', 'ಎಂದು ಹೇಳಲಾಗುತ್ತದೆ', 'ತಿಳಿದುಬರುತ್ತದೆ'. ಹೇಳಿದವನು ಯಾರೂ ಇಲ್ಲ, ಮಾತು ಮಾತ್ರ ತಾನೇ ಎದ್ದು ಬಂದಿದೆ.

ಇದೇ ತಪ್ಪನ್ನು ನಾನೂ ಮಾಡಿದ್ದೆ. ಹುಬ್ಬಳ್ಳಿಯ ಪತ್ರಿಕೆಯೊಂದರಲ್ಲಿ ಆಗಷ್ಟೇ ಸೇರಿದ್ದೆ. ಬಾವಿ ತೋಡುವಾಗ ದೊಡ್ಡ ಎಲುಬು ಸಿಕ್ಕಿದೆ ಅಂತ ಸುದ್ದಿ ಬಂತು. ಬಸ್ಸು ಹತ್ತಿ ಹೋದೆ. ಮೊಣಕಾಲಿನವರೆಗೆ ಕೆಸರು, ಸುತ್ತ ನೂರು ಜನ. ನನ್ನ ರಟ್ಟೆಯಷ್ಟು ದಪ್ಪದ ತೊಡೆ ಎಲುಬು. 'ಏಳು ಅಡಿ ಎತ್ತರದ ಪ್ರಾಚೀನ ಮಾನವನದು ಎನ್ನಲಾಗಿದೆ' ಅಂತ ಬರೆದೆ. ಅಂದವನು ನಾನೇ! ಮರುದಿನ ಪಶುವೈದ್ಯರೊಬ್ಬರು ಆಫೀಸಿಗೆ ಬಂದು ನ್ಯೂಸ್‌ಪ್ರಿಂಟ್ ಮೇಲೆ ಎರಡು ಚಿತ್ರ ಬರೆದು ತೋರಿಸಿದರು. ಮನುಷ್ಯನದು ಉದ್ದ, ಸಪೂರ. ತುದಿಯಲ್ಲಿ ದುಂಡು ಗುಂಡು, ಅದಕ್ಕೆ ಉದ್ದ ಕತ್ತು. ಎರಡು ಕಾಲ ಮೇಲೆ ನಡೆಯುವ ನಮಗೆ ಅದು ಸೊಂಟದಿಂದ ಮೊಣಕಾಲಿಗೆ ಒಳಮುಖವಾಗಿ ಓರೆಯಾಗಿ ಇಳಿಯುತ್ತದೆ. ಇನ್ನೊಂದು ಮೋಟು, ದಪ್ಪ, ಕತ್ತೇ ಇಲ್ಲದ ಹಾಗೆ. ಎಮ್ಮೆಯದು. ಡೆಸ್ಕಿನ ಹಿರಿಯರು ಕನ್ನಡಕದ ಮೇಲಿಂದ ನೋಡಿ, "ಎಲುಬು ನೋಡಿ ಬಂದಿ, ಜೀವನದಾಗ ಎಮ್ಮಿ ನೋಡಿಲ್ಲೇನು?" ಅಂದರು. ಮುಂದೆ ಆರು ತಿಂಗಳು ಡೆಸ್ಕಿನಲ್ಲಿ ನನ್ನ ಹೆಸರೇ ಎಮ್ಮಿ. ಹಳ್ಳೂರಿನಲ್ಲಿ ಕುದುರೆಯ ಎಲುಬು ಗುರುತಿಸಿ, ಆರ್ಯರು ಬರುವ ಮುಂಚೆ ಇಲ್ಲಿ ಕುದುರೆ ಇತ್ತೇ ಅನ್ನೋ ದೊಡ್ಡ ವಾದಕ್ಕೆ ಕಾರಣರಾದ ಕೆ.ಆರ್. ಆಲೂರರೂ ಪಶುವೈದ್ಯರೇ ಅಂತ ಆಮೇಲೆ ಓದಿದಾಗ, ನನ್ನ ಹೊಟ್ಟೆಯಲ್ಲಿ ಹಳೇ ಸಂಕಟ ಮತ್ತೆ ಎದ್ದಿತ್ತು.

ಎರಡನೇ ವಾಕ್ಯ ಇನ್ನೂ ಕೆಟ್ಟದು: 'ಇವರೇ ಇಂದಿನ ಇಂಥ ಸಮುದಾಯದ ನೇರ ಪೂರ್ವಜರು.' ಸಮುದಾಯದ ಹೆಸರು ನೀವು ಬರೆದಿದ್ದೀರಿ, ನಾನು ಹೊಡೆದುಹಾಕಿದ್ದೇನೆ. ಈ ದಾರಿ ಹಳೆಯದು. 1901ರ ಜನಗಣತಿಯ ಮುಖ್ಯಸ್ಥ ಹರ್ಬರ್ಟ್ ರಿಸ್ಲೆ ಮೂಗು ಸಪೂರವಾದಷ್ಟೂ ಜಾತಿ ಮೇಲು ಅಂದಿದ್ದ. ಹತ್ತು ವರ್ಷ ಕಳೆಯುವುದರಲ್ಲಿ ಮಾನವಶಾಸ್ತ್ರಜ್ಞ ಫ್ರಾನ್ಜ್ ಬೋವಾಸ್ ಅಮೆರಿಕಕ್ಕೆ ವಲಸೆ ಬಂದವರ ತಲೆಯನ್ನೂ ಅಲ್ಲೇ ಹುಟ್ಟಿದ ಅವರ ಮಕ್ಕಳ ತಲೆಯನ್ನೂ ಅಳೆಸಿದ. ಒಂದೇ ತಲೆಮಾರಿನಲ್ಲಿ ಆಕಾರ ಬೇರೆಯಾಗಿತ್ತು. ರಕ್ತದಲ್ಲೇ ಬಂದದ್ದು ಅಂದುಕೊಂಡ ಅಳತೆಗೆ ಊಟ, ನೀರು, ಊರೂ ಕೈ ಹಾಕುತ್ತವೆ ಅಂತ ಆಯಿತು. ಮುಂದೆ 1972ರಲ್ಲಿ ತಳಿವಿಜ್ಞಾನಿ ರಿಚರ್ಡ್ ಲೆವೊಂಟಿನ್ ಲೆಕ್ಕ ಹಾಕಿದಾಗ, ಮನುಷ್ಯರ ನಡುವಿನ ಜೀನ್ ವ್ಯತ್ಯಾಸದಲ್ಲಿ ನೂರಕ್ಕೆ ಸುಮಾರು 85 ಪಾಲು ಒಂದೇ ಗುಂಪಿನ ಒಳಗೇ ಇತ್ತು.

ಇದನ್ನೆಲ್ಲ ನಿಮಗೆ ನಾನು ಹೇಳಬೇಕಾಗಿಯೇ ಇರಲಿಲ್ಲ. ನಿಮ್ಮ ನಾಲ್ಕನೇ ಪುಟದಲ್ಲೇ ಇದೆ, ನೀವೇ ನೋಡಿಲ್ಲ. ಪ್ರಾಕ್ಟಿಕಲ್ ಪರೀಕ್ಷೆಗೆ ಮನೆಗೆ ಕ್ಯಾಲಿಪರ್ ತಂದು ತಮ್ಮನ ಮೂಗು ಅಳೆದಿರಿ. ಎತ್ತರ 50 ಮಿಲಿಮೀಟರ್, ಅಗಲ 37. ಸೂಚ್ಯಂಕ 74. ಆಮೇಲೆ ಅವನು ನಿಮ್ಮದು ಅಳೆದ. 46, 40. ನೀವು ಭಾಗಿಸಿಲ್ಲ, ಅಳತೆ ಬರೆದು ಬಿಟ್ಟಿದ್ದೀರಿ. ನಾನು ಭಾಗಿಸಿದೆ. 87. ನಿಮ್ಮ ಪಟ್ಟಿಯ ಪ್ರಕಾರ ತಮ್ಮ 'ಮಧ್ಯಮ ಮೂಗಿನ' ಜನ, ನೀವು 'ಅಗಲ ಮೂಗಿನ' ಜನ. ಒಂದೇ ಅವ್ವ, ಒಂದೇ ಅಪ್ಪ, ಒಂದೇ ಗಂಗಾಳದ ರೊಟ್ಟಿ. ಎರಡನೇ ಪುಟದ ಹಾಗೆ ಬರೆದರೆ ನಿಮ್ಮಿಬ್ಬರಿಗೆ ಎರಡು ಪೂರ್ವಜರನ್ನು ಹುಡುಕಬೇಕು, ಅಲ್ವಾ?

ಕ್ಯಾಲಿಪರಿನ ತಣ್ಣನೆ ತುದಿ ತಾಗಿದ್ದೇ ತಮ್ಮ ಸೀನಿದ, ಅಳತೆ ಮೂರು ಸಲ ತಪ್ಪಿತು ಅಂತ ಬರೆದಿದ್ದೀರಿ. ಲೇಖನ ಅಲ್ಲಿಂದ ಶುರುವಾಗಲಿ. ಹಳ್ಳೂರು ಆಮೇಲೆ ಬರಲಿ, ಗಡಿಗೆಯಲ್ಲಿ ಮಲಗಿದ ಕೂಸಿನ ಜೊತೆ. ಹಲ್ಲಿನ ಪ್ಯಾರಾ ಮುಟ್ಟಬೇಡಿ. ಹಲ್ಲಿನ ಎನಾಮಲ್ ಒಮ್ಮೆ ಕಟ್ಟಿದರೆ ಮತ್ತೆ ಬೆಳೆಯುವುದಿಲ್ಲ, ಹಾಗಾಗಿ ಮಗುವಾಗಿದ್ದಾಗಿನ ಜ್ವರವೋ ಹಸಿವೋ ಅಡ್ಡ ಗೆರೆಯಾಗಿ ಸಾಯುವ ತನಕ ಉಳಿಯುತ್ತದೆ ಅಂತ ಬರೆದಿದ್ದೀರಲ್ಲ, ಅದನ್ನು ಓದಿ ನಾನು ಕನ್ನಡಿ ಮುಂದೆ ಹೋಗಿ ನನ್ನ ಹಲ್ಲು ನೋಡಿಕೊಂಡೆ.

ಎಂಟು ನೂರು ಪದ ಮೀರಬೇಡಿ. ಬರುವ ಶುಕ್ರವಾರದೊಳಗೆ ಕಳಿಸಿ. ತಮ್ಮನ ಒಪ್ಪಿಗೆ ಕೇಳಿ, ಮೂಗು ಅವನದು.