ಬೀಜ ವಿನಿಮಯದ ಗುಂಪಿನಲ್ಲಿ ರಾಜಕೀಯ: ಅಡ್ಮಿನ್ ಅಕ್ಕನವರ ಪ್ರಶ್ನೆಗೆ ನನ್ನ ಉತ್ತರ

ಅಕ್ಕ, ನಮಸ್ಕಾರ. ನಿಮ್ಮ ಪ್ರಶ್ನೆಯನ್ನು ನಿನ್ನೆ ರಾತ್ರಿಯೇ ಓದಿದೆ. ನೀವೂ ಇನ್ನಿಬ್ಬರೂ ಸೇರಿ ನಡೆಸುವ ಬೀಜ ವಿನಿಮಯದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮೂರು ವಾರಗಳಿಂದ ಚುನಾವಣೆಯ ಜಗಳ ಬಿಟ್ಟು ಬೇರೆ ಮಾತಿಲ್ಲ, ಬೀಜ ಕೇಳುತ್ತಿದ್ದವರೆಲ್ಲ ಸುಮ್ಮನಾಗಿದ್ದಾರೆ, ಉಳಿದಿಬ್ಬರು ಅಡ್ಮಿನ್‌ಗಳೂ ಎದುರುಬದುರಾಗಿ ನಿಂತಿದ್ದಾರೆ, ಗುಂಪನ್ನೇ ಮುಚ್ಚಿಬಿಡಲೇ ಎಂದು ಕೇಳಿದ್ದೀರಿ. ಕೊನೆಯ ಸಾಲಿನಲ್ಲಿ, ಸೌತೆ ಬಳ್ಳಿಯ ಎಲೆಗಳ ಮೇಲೆ ಬಿಳಿ ಪುಡಿ ಕೂತಿದೆ, ಏನು ಮಾಡಲಿ ಎಂದೂ ಕೇಳಿದ್ದೀರಿ. ಇಲ್ಲಿಯವರೆಗೆ ಬಂದ ಹದಿನಾಲ್ಕು ಉತ್ತರಗಳಲ್ಲಿ ಒಂದರಲ್ಲೂ ಸೌತೆಯ ಮಾತಿಲ್ಲ. ಅದಕ್ಕೆ ಕೊನೆಗೆ ಬರುತ್ತೇನೆ.

ಗುಂಪನ್ನು ಮುಚ್ಚಬೇಡಿ. ನಾನು ಒಂದು ತರಕಾರಿ ಕೈತೋಟದ ಗುಂಪನ್ನು ನಾಲ್ಕು ವರ್ಷ ನೋಡಿಕೊಂಡವನು. ಇದೇ ರೋಗಕ್ಕೆ ಅದು ಸಾಯುವ ಹಂತಕ್ಕೆ ಬಂದು ಮತ್ತೆ ಚಿಗುರಿದ್ದನ್ನು ಕಂಡಿದ್ದೇನೆ. ಆ ಅನುಭವದಿಂದ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದವಾದರೂ ಓದಿ.

ಒಂದು ದಿನ ಬೆಳಿಗ್ಗೆ ಏಳು ಗಂಟೆಗೆ ನಮ್ಮ ಗುಂಪಿಗೆ ಹೊಸದಾಗಿ ಸೇರಿದ್ದ ಹುಡುಗನೊಬ್ಬ ಟೊಮೆಟೊ ಗಿಡದ ಮೂರು ಚಿತ್ರ ಹಾಕಿದ. ಎಲೆಯ ಅಂಚಿನಿಂದ ಒಳಕ್ಕೆ ನೀರು ಹೀರಿದಂತಹ ಕಪ್ಪು ಮಚ್ಚೆ, ಎಲೆಯ ಅಡಿಯಲ್ಲಿ ತೆಳುವಾದ ಬಿಳಿ ಬೂಷ್ಟು, ಕಾಂಡದ ಮೇಲೆ ಕಂದು ಪಟ್ಟೆ. ಮೂರು ದಿನಗಳಿಂದ ಮೋಡ ಮತ್ತು ತುಂತುರು ಮಳೆ ಎಂದೂ ಬರೆದಿದ್ದ. ಟೊಮೆಟೊ ಬೆಳೆದು ಗೊತ್ತಿದ್ದವರು ನೋಡಿದ ಕೂಡಲೇ ಹೇಳಬಹುದಿತ್ತು, ಅದು ಅಂಗಮಾರಿ. ಎಲೆ ಒಣಗಿರುವ ಹೊತ್ತಿನಲ್ಲಿ ರೋಗ ಹತ್ತಿದ ಗಿಡಗಳನ್ನು ಕಿತ್ತು ಚೀಲದಲ್ಲಿ ಕಟ್ಟಿ ಸಾಗಿಸು, ಗೊಬ್ಬರದ ಗುಂಡಿಗೆ ಹಾಕಬೇಡ, ಉಳಿದ ಗಿಡಗಳಿಗೆ ಇವತ್ತೇ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಸಿಂಪಡಿಸು: ಇಷ್ಟು ಸಾಕಿತ್ತು. ತಂಪು, ತೇವ ಎರಡೂ ಇದ್ದರೆ ಈ ರೋಗ ಕೆಲವೇ ದಿನಗಳಲ್ಲಿ ಇಡೀ ಸಾಲನ್ನು ಮುಗಿಸುತ್ತದೆ.

ಏಳೂ ಮುಕ್ಕಾಲಿಗೆ ಯಾರೋ ಒಬ್ಬ ನಾಯಕನ ಭಾಷಣದ ವಿಡಿಯೊ ಕಳುಹಿಸಿದರು. ಸಂಜೆಯ ಹೊತ್ತಿಗೆ ಅದರ ಕೆಳಗೆ ಮುನ್ನೂರಕ್ಕೂ ಹೆಚ್ಚು ಸಂದೇಶಗಳಿದ್ದವು. ಅವುಗಳಲ್ಲಿ ಹನ್ನೊಂದು ನನ್ನವೇ. ಹುಡುಗ ಮಧ್ಯಾಹ್ನ ಒಮ್ಮೆ "ಯಾರಾದರೂ ನೋಡಿದಿರಾ?" ಎಂದು ಕೇಳಿದ್ದ. ಅದರ ಮೇಲೂ ಮಾತು ಹರಿದುಹೋಯಿತು. ಗಿಡದ ರೋಗಗಳನ್ನು ನಮ್ಮೆಲ್ಲರಿಗಿಂತ ಚೆನ್ನಾಗಿ ಬಲ್ಲ ಹಿರಿಯರೊಬ್ಬರು ಗುಂಪಿನಲ್ಲಿದ್ದರು, ಆದರೆ ಗಲಾಟೆ ತಾಳಲಾರದೆ ತಿಂಗಳ ಹಿಂದೆಯೇ ಮ್ಯೂಟ್ ಮಾಡಿಟ್ಟಿದ್ದರು. ನಾಲ್ಕನೆಯ ದಿನ ಹುಡುಗ ಖಾಲಿ ಪಾತಿಯ ಚಿತ್ರ ಹಾಕಿದ. ಇಪ್ಪತ್ತೆರಡು ಗಿಡಗಳನ್ನೂ ಕಿತ್ತಿದ್ದೇನೆ ಎಂದು ಬರೆದು ಗುಂಪು ಬಿಟ್ಟ. ಆ ಚಿತ್ರವನ್ನು ನಾನು ಇನ್ನೂ ಅಳಿಸಿಲ್ಲ.

ರಾಜಕೀಯ ಮಾತನಾಡುವುದು ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಸಂದೇಶಗಳು ಬಂದ ಕ್ರಮದಲ್ಲೇ ಸಾಲಾಗಿ ಇಳಿಯುವ ಜಾಗದಲ್ಲಿ ಹೆಚ್ಚು ಮಾತನಾಡಿದವರು ಕಡಿಮೆ ಮಾತನಾಡಿದವರನ್ನು ಹೂತುಹಾಕುತ್ತಾರೆ. ತೊಂದರೆ ಇರುವುದು ಇಲ್ಲಿ. ಗಿಡದ ಪ್ರಶ್ನೆಗೆ ಎರಡು ಉತ್ತರ ಬಂದರೆ ಅದು ಮುಗಿಯಿತು. ರಾಜಕೀಯದ ವಾದಕ್ಕೆ ಮುಗಿಯುವ ಜಾಗವೇ ಇಲ್ಲ. ಫೇಸ್‌ಬುಕ್‌ನಂತಹ ಕಡೆ ಇನ್ನೂ ಒಂದು ಕಾರಣ ಸೇರುತ್ತದೆ. ಅಲ್ಲಿ ಯಾವುದು ಮೇಲೆ ಕಾಣಬೇಕು ಎಂಬುದನ್ನು ಕಂಪನಿಯ ಕಂಪ್ಯೂಟರ್ ಲೆಕ್ಕಾಚಾರ ತೀರ್ಮಾನಿಸುತ್ತದೆ. 2017ರಿಂದ ಕೆಲವು ಕಾಲ ಅವರ ಲೆಕ್ಕದಲ್ಲಿ ಕೋಪದ ಮುಖದ ಗುರುತಿಗೆ ಸಾಮಾನ್ಯ ಲೈಕ್‌ಗಿಂತ ಐದು ಪಟ್ಟು ತೂಕವಿತ್ತು ಎಂಬುದು 2021ರಲ್ಲಿ ಹೊರಬಿದ್ದ ಅವರದೇ ಒಳ ದಾಖಲೆಗಳಿಂದ ತಿಳಿಯಿತು. ಅದನ್ನು ಹಂತ ಹಂತವಾಗಿ ಇಳಿಸಿ, 2020ರಲ್ಲಿ ಸೊನ್ನೆಗೆ ತಂದರು. ನಿಮ್ಮ ಗುಂಪಿನಲ್ಲಿ ಅಂತಹ ಯಂತ್ರವಿಲ್ಲ, ಇರುವುದು ಬರೀ ಸಂದೇಶಗಳ ರಾಶಿ. ಹಾಗಾಗಿ ಸರಿಪಡಿಸುವುದೂ ನಿಮ್ಮ ಕೈಯಲ್ಲೇ ಇದೆ.

ಮೊದಲು ಎಣಿಸಿ. ಕಳೆದ ಇನ್ನೂರು ಸಂದೇಶಗಳನ್ನು ಕೂತು ನೋಡಿ. ಗಿಡದ ಬಗ್ಗೆ ಎಷ್ಟು, ರಾಜಕೀಯ ಎಷ್ಟು, ರಾಜಕೀಯ ಬರೆದವರು ಎಷ್ಟು ಜನ, ಉತ್ತರ ಸಿಗದೆ ಉಳಿದ ಪ್ರಶ್ನೆಗಳೆಷ್ಟು. ನಾನು ಎಣಿಸಿದಾಗ ನೂರೆಂಬತ್ತು ಸದಸ್ಯರ ಗುಂಪಿನಲ್ಲಿ ಜಗಳವಾಡುತ್ತಿದ್ದವರು ಏಳೇ ಜನ. ಅಲ್ಲಿಯವರೆಗೆ ಇಡೀ ಗುಂಪೇ ಕೆಟ್ಟಿದೆ ಎಂದು ನಾನೂ ನಂಬಿದ್ದೆ. ಈ ಎಣಿಕೆ ಕೈಯಲ್ಲಿದ್ದರೆ ಉಳಿದ ಅಡ್ಮಿನ್‌ಗಳ ಹತ್ತಿರ ಮಾತನಾಡುವಾಗ ಯಾರು ಸರಿ, ಯಾರು ತಪ್ಪು ಎಂಬ ಚರ್ಚೆಗೆ ಇಳಿಯಬೇಕಾಗುವುದಿಲ್ಲ. ಉತ್ತರ ಸಿಗದ ಪ್ರಶ್ನೆಗಳನ್ನು ಅವರ ಮುಂದೆ ಇಟ್ಟರೆ ಸಾಕು.

ನಿಮ್ಮ ನಿಜವಾದ ಕಷ್ಟ ಇರುವುದು ಆ ಇಬ್ಬರು ಅಡ್ಮಿನ್‌ಗಳಲ್ಲಿ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾವ ನಿಯಮವೂ ನಿಲ್ಲುವುದಿಲ್ಲ. ಇಬ್ಬರನ್ನೂ ಗುಂಪಿನ ಹೊರಗೆ, ಸಾಧ್ಯವಾದರೆ ಫೋನಿನಲ್ಲಿ, ಒಟ್ಟಿಗೆ ಮಾತನಾಡಿಸಿ. ಬರೆದು ಕಳುಹಿಸಬೇಡಿ, ದನಿ ಕೇಳಿದರೆ ಮನುಷ್ಯ ಮೆತ್ತಗಾಗುತ್ತಾನೆ. ಅವರ ನಿಲುವನ್ನು ಬದಲಾಯಿಸಿಕೊಳ್ಳಿ ಎಂದು ಕೇಳುವುದೇ ಬೇಡ. ಅವರಿಂದ ಬೇಕಿರುವುದು ಒಂದೇ ಮಾತು: ತಮ್ಮ ಪಕ್ಷದವರು ಮಿತಿ ಮೀರಿದಾಗ ತಾವೇ ಹೋಗಿ ತಡೆಯಬೇಕು. ನಮ್ಮ ಗುಂಪಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಇದೇ. ಎದುರು ಪಕ್ಷದ ಅಡ್ಮಿನ್ ತಡೆದರೆ ಅದು ದಬ್ಬಾಳಿಕೆಯಾಗಿ ಕಾಣುತ್ತದೆ. ತನ್ನವನೇ ಆದವನು "ಅಣ್ಣ, ನನಗೂ ಹಾಗೆಯೇ ಅನಿಸುತ್ತದೆ, ಆದರೆ ಇಲ್ಲಿ ಬೇಡ, ತೆಗೆದುಬಿಡಿ" ಎಂದರೆ ಹತ್ತರಲ್ಲಿ ಎಂಟು ಜನ ತೆಗೆಯುತ್ತಾರೆ.

ನಿಯಮವನ್ನು ಚಿಕ್ಕದಾಗಿ ಬರೆಯಿರಿ. ನಮ್ಮದು ಹೀಗಿತ್ತು: "ಇಲ್ಲಿ ಗಿಡ, ಬೀಜ, ಮಣ್ಣು, ನೀರು, ಕೀಟ, ರೋಗ, ಉಪಕರಣಗಳ ಮಾತು. ಪಕ್ಷ, ನಾಯಕ, ಚುನಾವಣೆ, ಧರ್ಮದ ವಾದ ಯಾವ ಕಡೆಯದಾದರೂ ಇಲ್ಲಿ ಬೇಡ. ಮೊದಲ ಸಲ ಖಾಸಗಿಯಾಗಿ ಹೇಳುತ್ತೇವೆ, ಎರಡನೆಯ ಸಲ ಸಂದೇಶ ತೆಗೆಯುತ್ತೇವೆ, ಮೂರನೆಯ ಸಲ ಒಂದು ತಿಂಗಳು ಹೊರಗಿರಬೇಕು." "ಸಭ್ಯವಾಗಿರಿ", "ಮಿತಿಯಲ್ಲಿರಿ" ಎಂಬ ಮಾತುಗಳನ್ನು ಸೇರಿಸಬೇಡಿ. ಮಿತಿ ಎಲ್ಲಿದೆ ಎಂಬುದೇ ಮುಂದಿನ ಜಗಳವಾಗುತ್ತದೆ.

"ಎಲ್ಲವೂ ರಾಜಕೀಯವೇ, ನೀರಿನ ವಿಷಯ ರಾಜಕೀಯವಲ್ಲವೇ, ಬೀಜದ ಕಾಯ್ದೆ ರಾಜಕೀಯವಲ್ಲವೇ?" ಎಂದು ಒಬ್ಬರು ಖಂಡಿತ ಕೇಳುತ್ತಾರೆ. ಅದು ನ್ಯಾಯವಾದ ಪ್ರಶ್ನೆ, ತಳ್ಳಿಹಾಕಬೇಡಿ. ನಾವು ಒಂದು ಒರೆಗಲ್ಲು ಇಟ್ಟುಕೊಂಡಿದ್ದೆವು: ಇದನ್ನು ಓದಿದವರು ನಾಳೆ ತಮ್ಮ ತೋಟದಲ್ಲಿ ಏನನ್ನಾದರೂ ಬೇರೆ ರೀತಿಯಲ್ಲಿ ಮಾಡಬಹುದೇ? ಉದಾಹರಣೆಗೆ, ಯುರೋಪಿನ ಒಕ್ಕೂಟ 2018ರಲ್ಲಿ ಇಮಿಡಾಕ್ಲೋಪ್ರಿಡ್, ಕ್ಲೋಥಿಯಾನಿಡಿನ್, ಥಯಾಮೆಥಾಕ್ಸಾಮ್ ಎಂಬ ಮೂರು ಕೀಟನಾಶಕಗಳನ್ನು ತೆರೆದ ಹೊಲದಲ್ಲಿ ಬಳಸದಂತೆ ನಿಷೇಧಿಸಿತು. ಅವು ಜೇನುನೊಣಗಳಿಗೆ ಹೇಗೆ ಹಾನಿ ಮಾಡುತ್ತವೆ, ಬದಲಿಗೆ ಏನು ಬಳಸಬಹುದು, ಹೂ ಬಿಟ್ಟಾಗ ಏಕೆ ಸಿಂಪಡಿಸಬಾರದು ಎಂಬುದೆಲ್ಲ ನಮ್ಮ ಮಾತೇ. ಯಾವ ನಾಯಕ ಯಾವ ಕಂಪನಿಗೆ ಮಾರಿಕೊಂಡ ಎಂಬುದು ಬೇರೆ ಕಡೆಯ ಮಾತು. ಈ ಗೆರೆ ಯಾವಾಗಲೂ ಸ್ಪಷ್ಟವಾಗಿರುವುದಿಲ್ಲ. ಅನುಮಾನ ಬಂದಾಗ ಮೂವರು ಅಡ್ಮಿನ್‌ಗಳಲ್ಲಿ ಇಬ್ಬರು ಒಪ್ಪಿದಂತೆ ನಡೆಯಿತು.

ಒಂದು ವಿಷಯದಲ್ಲಿ ಮಾತ್ರ ಮೂರು ಸಲದ ಲೆಕ್ಕ ಬೇಡ. ಒಂದು ಜಾತಿ, ಧರ್ಮ ಅಥವಾ ಸಮುದಾಯದವರನ್ನು ಹೀನಾಯವಾಗಿ ಬೈದ ಸಂದೇಶ ಬಂದರೆ ತಕ್ಷಣ ತೆಗೆಯಿರಿ, ಬರೆದವರನ್ನು ಅಂದೇ ಹೊರಗಿಡಿ. ಅಂತಹ ಮಾತನ್ನು ರಾಜಕೀಯದ ಅಭಿಪ್ರಾಯ ಎಂದು ಕರೆದು ಎರಡೂ ಕಡೆಗೆ ಸಮಾಧಾನ ಹೇಳುತ್ತಾ ಕೂತರೆ, ಬೈಸಿಕೊಂಡವರಿಗೆ ಈ ಗುಂಪು ತಮ್ಮದಲ್ಲ ಎಂಬುದು ಖಚಿತವಾಗುತ್ತದೆ. ನಾನು ಒಮ್ಮೆ ಹಾಗೆ ಸಮಾಧಾನ ಹೇಳಿ ಒಳ್ಳೆಯ ಇಬ್ಬರನ್ನು ಕಳೆದುಕೊಂಡೆ.

ಇನ್ನು ಕೈಯಲ್ಲಿರುವ ಸಾಧನಗಳು. 2022ರಿಂದ ವಾಟ್ಸ್‌ಆ್ಯಪ್‌ನಲ್ಲಿ ಅಡ್ಮಿನ್ ಯಾರ ಸಂದೇಶವನ್ನಾದರೂ ಎಲ್ಲರಿಗೂ ಕಾಣದಂತೆ ತೆಗೆಯಬಹುದು. ಆದರೆ ಅಡ್ಮಿನ್ ತೆಗೆದರು ಎಂಬ ಗುರುತು ಅಲ್ಲಿ ಉಳಿಯುತ್ತದೆ, ಬರೆದವರಿಗೆ ಎಲ್ಲರ ಮುಂದೆ ಮುಖಭಂಗವಾಗುತ್ತದೆ. ಆದ್ದರಿಂದ ಮೊದಲು ಖಾಸಗಿಯಾಗಿ ಹೇಳಿ, ಅವರೇ ತೆಗೆಯಲಿ. ಅಡ್ಮಿನ್‌ಗಳು ಮಾತ್ರ ಬರೆಯಬಹುದಾದಂತೆ ಗುಂಪಿಗೆ ಬೀಗ ಹಾಕುವ ಸೌಲಭ್ಯ 2018ರಿಂದ ಇದೆ. ಜಗಳ ಕೈಮೀರಿದ ರಾತ್ರಿ ಒಂದೆರಡು ಸಲ ಹಾಕಿದ್ದೇನೆ, "ಬೆಳಿಗ್ಗೆ ಎಂಟಕ್ಕೆ ತೆರೆಯುತ್ತೇವೆ" ಎಂದು ಬರೆದೇ ಹಾಕಿದ್ದೇನೆ. ಅದನ್ನು ರೂಢಿ ಮಾಡಿಕೊಳ್ಳಬೇಡಿ, ಬೀಗ ಬಿದ್ದರೆ ಟೊಮೆಟೊ ಹುಡುಗನ ಪ್ರಶ್ನೆಗೂ ಬೀಗವೇ. ಎಲ್ಲಕ್ಕಿಂತ ಮುಖ್ಯವಾದದ್ದು ವೇಗ. ಮೊದಲ ಫಾರ್ವರ್ಡ್ ವಿಡಿಯೊ ಬಂದ ಅರ್ಧ ಗಂಟೆಯಲ್ಲಿ ಒಂದು ಮಾತು ಹೇಳಿದರೆ ಮುಗಿಯುತ್ತದೆ. ಐದು ಜನ ಉತ್ತರಿಸಿದ ಮೇಲೆ ಆರು ಜನರನ್ನು ಸಮಾಧಾನ ಮಾಡಬೇಕಾಗುತ್ತದೆ.

ವಾದಕ್ಕೆಂದೇ ಬೇರೆ ಗುಂಪು ಮಾಡಿಕೊಡಿ ಎಂದು ಮೇಲೆ ಇಬ್ಬರು ಸಲಹೆ ಕೊಟ್ಟಿದ್ದಾರೆ. ಇದು ಹಳೆಯ ಉಪಾಯ. ಇಂಟರ್‌ನೆಟ್ಟಿನ ಆರಂಭದ ದಿನಗಳ ಯೂಸ್‌ನೆಟ್ ಎಂಬ ಚರ್ಚಾ ಗುಂಪುಗಳ ಜಾಲದಲ್ಲಿ 1987ರ ಹೊತ್ತಿಗೆ ಗುಂಪುಗಳ ಹೆಸರನ್ನೆಲ್ಲ ಹೊಸದಾಗಿ ಜೋಡಿಸಿದಾಗ, ರಾಜಕೀಯ, ಧರ್ಮದಂತಹ ಬಿಸಿ ವಿಷಯಗಳಿಗೆ 'ಟಾಕ್' ಎಂಬ ಪ್ರತ್ಯೇಕ ವಿಭಾಗವನ್ನೇ ಮಾಡಿದರು, ಬೇಡದವರು ಆ ವಿಭಾಗವನ್ನು ತರಿಸಿಕೊಳ್ಳದೆ ಇರಬಹುದಿತ್ತು. ನಾವೂ ಮಾಡಿದೆವು. ಏಳು ಜನರಲ್ಲಿ ಐವರು ಹೋದರು, ಎರಡು ತಿಂಗಳಲ್ಲಿ ಆ ಗುಂಪು ತಣ್ಣಗಾಯಿತು. ನನಗೆ ಆಗ ಅರ್ಥವಾದದ್ದು, ಅವರಲ್ಲಿ ಹಲವರಿಗೆ ವಾದಕ್ಕಿಂತ ಕೇಳುವ ಜನ ಬೇಕಿತ್ತು. ಆದರೂ ಮಾಡಿಕೊಡಿ. "ಎಲ್ಲಿ ಮಾತನಾಡಬೇಕು ಹಾಗಾದರೆ?" ಎಂಬ ಪ್ರಶ್ನೆಗೆ ತೋರಿಸಲು ಒಂದು ಬಾಗಿಲು ಇರುತ್ತದೆ.

ನಿಯಮದಿಂದ ಅರ್ಧ ಕೆಲಸ ಮಾತ್ರ ಆಗುತ್ತದೆ. ಕಳೆ ಕಿತ್ತು ಮಣ್ಣನ್ನು ಬರಿದಾಗಿ ಬಿಟ್ಟರೆ ವಾರದಲ್ಲಿ ಮತ್ತೆ ಕಳೆಯೇ ಬರುತ್ತದೆ ಎಂಬುದು ನಮಗೆಲ್ಲ ಗೊತ್ತು. ಹೊದಿಕೆ ಹಾಕಬೇಕು. ಜಗಳ ನಿಂತ ಮೊದಲ ವಾರ ನಮ್ಮ ಗುಂಪಿನಲ್ಲಿ ಯಾರೂ ಏನೂ ಬರೆಯಲಿಲ್ಲ, ಆ ಮೌನವನ್ನು ನೋಡಿ ನನಗೆ ಹೆದರಿಕೆಯಾಯಿತು. ಆಗ ಮೂವರು ಅಡ್ಮಿನ್‌ಗಳು ಸರದಿ ಹಾಕಿಕೊಂಡೆವು. ಪ್ರತಿ ಸಂಜೆ ಒಬ್ಬರು ಅಂದಿನ ಸಂದೇಶಗಳನ್ನೆಲ್ಲ ಹಿಂದಕ್ಕೆ ಸರಿಸಿ ನೋಡುವುದು, ಉತ್ತರ ಸಿಗದ ಪ್ರಶ್ನೆಗಳನ್ನು ಒಂದೇ ಸಂದೇಶದಲ್ಲಿ ಮತ್ತೆ ಹಾಕುವುದು, ಪ್ರತಿಯೊಂದರ ಮುಂದೆ ಅದನ್ನು ಬಲ್ಲ ಒಬ್ಬರ ಹೆಸರು ಸೇರಿಸಿ ಕರೆಯುವುದು. "ಮೆಣಸಿನ ಎಲೆ ಮುರುಟು, ಚಿತ್ರ ಮೇಲಿದೆ, ನೀವು ನೋಡಿ ಹೇಳುತ್ತೀರಾ?" ಇಷ್ಟೇ. ಹೆಸರು ಹಿಡಿದು ಕೇಳಿದರೆ ಜನ ಇಲ್ಲ ಎನ್ನುವುದಿಲ್ಲ. ಹದಿನೈದು ದಿನಗಳಲ್ಲಿ ಮ್ಯೂಟ್ ಮಾಡಿದ್ದವರು ಒಬ್ಬೊಬ್ಬರಾಗಿ ಬಾಯಿ ತೆರೆದರು. ನಿಮ್ಮದು ಬೀಜದ ಗುಂಪಾದ್ದರಿಂದ ವಾರಕ್ಕೊಮ್ಮೆ "ನನ್ನ ಬಳಿ ಇರುವುದು, ನನಗೆ ಬೇಕಾದದ್ದು" ಎಂಬ ಪಟ್ಟಿ ಹಾಕಿಸಿ. ಎರಡು ವರ್ಷ ಹಳೆಯ ಈರುಳ್ಳಿ ಬೀಜ ಮೊಳೆಯುತ್ತದೆಯೇ, ಒದ್ದೆ ಕಾಗದದಲ್ಲಿ ಹತ್ತು ಬೀಜ ಇಟ್ಟು ಪರೀಕ್ಷಿಸುವುದು ಹೇಗೆ ಎಂಬಂತಹ ಮಾತು ಒಂದು ಶುರುವಾದರೆ ಸಾಕು, ಮೌನವಾಗಿರುವವರು ತಾವಾಗಿಯೇ ಸೇರಿಕೊಳ್ಳುತ್ತಾರೆ.

ಬಿಟ್ಟುಹೋದವರಿಗೂ ಫೋನ್ ಮಾಡಿ. ನಮ್ಮ ಹಿರಿಯರಿಗೆ ನಾನೇ ಮಾಡಿ ಕ್ಷಮೆ ಕೇಳಿದೆ. "ಮತ್ತೆ ಹಾಗಾದರೆ ನಾನು ಹೇಳದೆ ಹೋಗುತ್ತೇನೆ" ಎಂದರು, ಆದರೆ ಮ್ಯೂಟ್ ತೆಗೆದರು. ಟೊಮೆಟೊ ಹುಡುಗ ಮಾತ್ರ ವಾಪಸು ಬರಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಇಷ್ಟೊಂದು ಕಷ್ಟಪಟ್ಟು ಏಕೆ ಉಳಿಸಬೇಕು ಎನಿಸಿದರೆ ಒಂದು ಮಾತು. 2009ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು, ರಾಜಕೀಯಕ್ಕೆಂದೇ ಇರುವ ಆನ್‌ಲೈನ್ ಗುಂಪುಗಳಲ್ಲಿ ಬಹುತೇಕ ಒಂದೇ ನಿಲುವಿನವರು ಸೇರುತ್ತಾರೆ, ಭಿನ್ನ ನಿಲುವಿನವರು ಎದುರಾಗುವುದು ಹೆಚ್ಚಾಗಿ ಹವ್ಯಾಸದಂತಹ ಬೇರೆ ಕಾರಣಕ್ಕೆ ಸೇರಿದ ಗುಂಪುಗಳಲ್ಲಿ ಎಂದು ಕಂಡುಕೊಂಡಿತು. ನಮ್ಮ ಗುಂಪಿನಲ್ಲಿ ಅತಿ ಹೆಚ್ಚು ಕಿತ್ತಾಡಿದ ಇಬ್ಬರಲ್ಲಿ ಒಬ್ಬರು ನನಗೆ ಅವರೆ ಬೀಜ ಕಳುಹಿಸಿದವರು. ಲಕೋಟೆಯ ಮೇಲೆ ಬಿತ್ತುವ ಆಳವನ್ನು ಕೈಬರಹದಲ್ಲಿ ಬರೆದಿದ್ದರು. ಅವರ ಪಕ್ಷ ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ. ಆ ಬಳ್ಳಿಯ ಬೀಜವನ್ನು ನಾನು ಪ್ರತಿ ವರ್ಷ ಉಳಿಸಿಕೊಳ್ಳುತ್ತೇನೆ. ಇಂತಹ ಪರಿಚಯ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ನಿಯಮದ ಕರಡು ಬರೆದ ಮೇಲೆ ಇಲ್ಲಿಯೇ ಹಾಕಿ, ನೋಡಿ ಹೇಳುತ್ತೇನೆ.

ಇನ್ನು ನಿಮ್ಮ ಸೌತೆ. ಅದು ಬೂದಿ ರೋಗ. ಬೆರಳಿನಿಂದ ಉಜ್ಜಿದರೆ ಬಿಳಿ ಪುಡಿ ಅಳಿಸಿಬರುತ್ತದೆ, ಸ್ವಲ್ಪ ದಿನದಲ್ಲಿ ಎಲೆ ಹಳದಿಯಾಗಿ ಒಣಗುತ್ತದೆ. ಹೆಚ್ಚು ಹಾಳಾದ ಕೆಳಗಿನ ಎಲೆಗಳನ್ನು ಕತ್ತರಿಸಿ ದೂರ ಸಾಗಿಸಿ, ಬಳ್ಳಿಯ ನಡುವೆ ಗಾಳಿಯಾಡುವಂತೆ ಬಿಡಿಸಿ ಕಟ್ಟಿ, ನೀರನ್ನು ಬುಡಕ್ಕೆ ಮಾತ್ರ ಕೊಡಿ. ಒಂದು ಭಾಗ ಹಾಲಿಗೆ ಒಂಬತ್ತು ಭಾಗ ನೀರು ಬೆರೆಸಿ ವಾರಕ್ಕೊಮ್ಮೆ ಬೆಳಗಿನ ಬಿಸಿಲಿನಲ್ಲಿ ಎಲೆಯ ಎರಡೂ ಬದಿಗೆ ಸಿಂಪಡಿಸಿ. ರೋಗ ಆರಂಭದಲ್ಲಿದ್ದರೆ ಹತೋಟಿಗೆ ಬರುತ್ತದೆ. ಗಂಧಕ ಬಳಸುವುದಾದರೆ ಬಿಸಿಲು ಜೋರಾಗಿರುವ ದಿನಗಳಲ್ಲಿ ಬೇಡ, ಸೌತೆಯ ಎಲೆ ಸುಟ್ಟುಹೋಗುತ್ತದೆ. ಮೇಲಿನ ಹೊಸ ಎಲೆಗಳ ಚಿತ್ರವನ್ನು ನಾಳೆ ಹಾಕಿ.