ಶಾಪಿಂಗ್ ಪುಟದಲ್ಲಿ ಬಂದೂಕು ಏಕೆ ಕಾಣುವುದಿಲ್ಲ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು ಕಡಲೆಕಾಯಿ ಹೊಲ. ಕಾಯಿ ಬಲಿಯುವ ಹೊತ್ತಿಗೆ ಕಾಡುಹಂದಿಗಳು ರಾತ್ರಿ ನುಗ್ಗಿ, ಬೆಳಗಾಗುವುದರೊಳಗೆ ಸಾಲುಸಾಲನ್ನೇ ಮಗುಚಿ ಹಾಕಿರುತ್ತವೆ. ಒಂಟಿ ನಳಿಗೆಯ ಬಂದೂಕಿಗೆ ಎಷ್ಟಾಗಬಹುದೆಂದು ಮಗನಿಂದ ಗೂಗಲ್‌ನ ಶಾಪಿಂಗ್ ವಿಭಾಗದಲ್ಲಿ ಹುಡುಕಿಸಿದೆ. ಮಕ್ಕಳ ಆಟಿಕೆಗಳು ಬಂದವೇ ಹೊರತು ನಿಜವಾದ ಬಂದೂಕು ಒಂದೂ ಬರಲಿಲ್ಲ. ಇದು ಸರ್ಕಾರದ ತಡೆಯೋ, ಕಂಪನಿಯ ತಡೆಯೋ? ಬೆಲೆ ತಿಳಿದುಕೊಳ್ಳುವ ಹಕ್ಕೂ ರೈತನಿಗೆ ಇಲ್ಲವೇ?
- ಒಬ್ಬ ರೈತರು, ಮಧುಗಿರಿ ತಾಲ್ಲೂಕು

ಉತ್ತರ: ನೀವು ಕಂಡದ್ದು ಕಂಪನಿಯು ತಾನಾಗಿ ಹಾಕಿಕೊಂಡ ನಿಯಮದ ಫಲ. ಗೂಗಲ್ 2002ರಲ್ಲಿ ಫ್ರೂಗಲ್ ಎಂಬ ಹೆಸರಿನಲ್ಲಿ ಸರಕುಗಳ ಹುಡುಕಾಟವನ್ನು ಆರಂಭಿಸಿದಾಗ ವರ್ತಕರು ತಮ್ಮ ಸರಕನ್ನು ಅಲ್ಲಿ ಉಚಿತವಾಗಿ ಪಟ್ಟಿ ಮಾಡಬಹುದಾಗಿತ್ತು. 2012ರಲ್ಲಿ ಅದು ಗೂಗಲ್ ಶಾಪಿಂಗ್ ಎಂಬ ಹೆಸರು ಪಡೆದು, ವರ್ತಕರು ಹಣ ಕೊಟ್ಟು ಸರಕು ತೋರಿಸುವ ವ್ಯವಸ್ಥೆಯಾಗಿ ಬದಲಾಯಿತು. ಜಾಹೀರಾತುಗಳಲ್ಲಿ ಬಂದೂಕು, ತೋಟಾಗಳಿಗೆ ಮೊದಲಿನಿಂದಲೂ ಇದ್ದ ನಿಷೇಧವನ್ನು ಆಗ ಸರಕುಗಳ ಪಟ್ಟಿಗೂ ವಿಸ್ತರಿಸಲಾಯಿತು. 2020ರಲ್ಲಿ ಉಚಿತ ಪಟ್ಟಿಗೆ ಮತ್ತೆ ಅವಕಾಶ ದೊರೆತರೂ ಬಂದೂಕಿನ ವಿಷಯದಲ್ಲಿ ನಿಯಮ ಸಡಿಲವಾಗಲಿಲ್ಲ. ಹೀಗೆ ಮಾಡಿದ ಕಂಪನಿ ಇದೊಂದೇ ಅಲ್ಲ. ಇಬೇ 1999ರಲ್ಲಿಯೇ ಬಂದೂಕುಗಳ ಹರಾಜನ್ನು ನಿಲ್ಲಿಸಿತ್ತು. ಖಾಸಗಿ ವ್ಯಕ್ತಿಗಳು ತಮ್ಮ ತಮ್ಮಲ್ಲಿ ಬಂದೂಕು ಮಾರಿಕೊಳ್ಳುವುದನ್ನು ಫೇಸ್‌ಬುಕ್ 2016ರಲ್ಲಿ ನಿಷೇಧಿಸಿತು.

ಆದರೆ ಶಾಪಿಂಗ್ ವಿಭಾಗ ಬೇರೆ, ಸಾಮಾನ್ಯ ಹುಡುಕಾಟ ಬೇರೆ. ಬಂದೂಕಿನ ಬಗೆಗಳು, ಕಾನೂನು, ಪರವಾನಗಿಯ ಅರ್ಜಿ ಇವೆಲ್ಲವೂ ಸಾಮಾನ್ಯ ಹುಡುಕಾಟದಲ್ಲಿ ಇಂದಿಗೂ ಸಿಗುತ್ತವೆ. ಹೀಗಾಗಿ ತಿಳಿದುಕೊಳ್ಳುವ ನಿಮ್ಮ ಹಕ್ಕಿಗೆ ಇದರಿಂದ ಧಕ್ಕೆಯಾಗಿಲ್ಲ. ಕಂಪನಿಯು ಮಾರಾಟಕ್ಕೆ ನೆರವಾಗಲು ಒಪ್ಪಿಲ್ಲ, ಅಷ್ಟೇ. ಈ ನಿರಾಕರಣೆ ಸರಿಯೆಂದೇ ನಾನು ನಂಬಿದ್ದೇನೆ. ಏಕೆಂದರೆ ಕೊಳ್ಳುವವರ ಕೈಯಲ್ಲಿ ಪರವಾನಗಿ ಇದೆಯೋ ಇಲ್ಲವೋ ಎಂಬುದನ್ನು ನೋಡುವ ಕಣ್ಣು ಆ ಪುಟಕ್ಕೆ ಇಲ್ಲ.

ನಮ್ಮ ದೇಶದಲ್ಲಿ ಈ ಪರಿಶೀಲನೆಗೆ ಕಾನೂನೇ ದಾರಿ ಮಾಡಿಟ್ಟಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಬಂದೂಕನ್ನು ಪಡೆಯುವುದೂ ಇಟ್ಟುಕೊಳ್ಳುವುದೂ ಅಪರಾಧ. ಪರವಾನಗಿ ಇರುವವರು ತಮ್ಮ ಸ್ವಂತ ಬಂದೂಕನ್ನು ಪರವಾನಗಿ ಇರುವ ಮತ್ತೊಬ್ಬರಿಗೆ ಮಾರಬೇಕಾದರೂ ಜಿಲ್ಲಾ ದಂಡಾಧಿಕಾರಿಗೆ ಅಥವಾ ಸಮೀಪದ ಪೊಲೀಸ್ ಠಾಣೆಗೆ ಬರೆದು ತಿಳಿಸಿ 45 ದಿನ ಕಾಯಬೇಕು. ಚುನಾವಣೆ ಬಂದಾಗ ಪರವಾನಗಿದಾರರು ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಡುವುದನ್ನು ನೀವೂ ನೋಡಿರುತ್ತೀರಿ. ಇಷ್ಟು ನಿಗಾ ಬೇಡುವ ವಸ್ತುವನ್ನು ಸೀರೆ, ಚಪ್ಪಲಿಗಳ ಸಾಲಿನಲ್ಲಿ ಚಿತ್ರ ಹಾಕಿ ಬೆಲೆ ಬರೆದು ತೋರಿಸುವುದು ಹೊಂದುವ ಮಾತಲ್ಲ.

ನಿಮ್ಮ ಹೊಲದ ಕಷ್ಟಕ್ಕೆ ಇರುವ ದಾರಿಗಳನ್ನೂ ಹೇಳಬೇಕು. ನಿಜವಾಗಿಯೂ ಬೆಳೆ ರಕ್ಷಣೆಗೆ ಬೇಕೆಂದು ಕೇಳುವವರಿಗೆ ನಳಿಗೆಯ ಬಾಯಿಂದ ಮದ್ದು ತುಂಬುವ ಬಂದೂಕಿನ ಪರವಾನಗಿ ಕೊಡಲು ಕಾಯ್ದೆಯ 13ನೇ ಕಲಮಿನಲ್ಲಿ ಅವಕಾಶವಿದೆ. ಅರ್ಜಿಯನ್ನು ಜಿಲ್ಲಾಧಿಕಾರಿಗಳ ಕಚೇರಿಗೆ ಸಲ್ಲಿಸಬೇಕು, ಪೊಲೀಸರ ವರದಿ ತರಿಸಿಕೊಂಡ ಮೇಲೆ ತೀರ್ಮಾನವಾಗುತ್ತದೆ. ಪಹಣಿಯನ್ನೂ ಬೆಳೆ ಹಾನಿಯ ಫೋಟೊಗಳನ್ನೂ ಜೊತೆಗಿಟ್ಟುಕೊಂಡು ಹೋಗಿ. ಬೆಲೆಯನ್ನು ಪರವಾನಗಿ ಪಡೆದ ಬಂದೂಕಿನ ಅಂಗಡಿಯಲ್ಲಿ ಕೇಳಿ ತಿಳಿಯಬಹುದು. ಆದರೆ ಬಂದೂಕಿಗೆ ಪರವಾನಗಿ ದೊರೆತ ಮಾತ್ರಕ್ಕೆ ಪ್ರಾಣಿಯನ್ನು ಹೊಡೆಯಲು ಅನುಮತಿ ದೊರೆತಂತಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಪ್ರಾಣಿಯನ್ನು ಗಾಯಗೊಳಿಸುವುದೂ, ಅದಕ್ಕೆ ಪ್ರಯತ್ನಿಸುವುದೂ ಬೇಟೆಯೇ ಆಗುತ್ತದೆ. ಬೆಳೆಗೆ ಅಪಾಯ ತರುವ ಕೆಲವು ಪ್ರಾಣಿಗಳ ವಿಷಯದಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದವರು ಬರಹದಲ್ಲಿ ಅನುಮತಿ ಕೊಟ್ಟರೆ ಮಾತ್ರ ಮುಂದುವರಿಯಬಹುದು. ಬೆಳೆ ಹಾನಿಗೆ ಅರಣ್ಯ ಇಲಾಖೆಯಿಂದ ಪರಿಹಾರ ಕೇಳಲು ಅವಕಾಶವಿದೆ, ಅದನ್ನು ಬಿಡಬೇಡಿ.

ಕಳಕಳಿಯಿಂದ ಇನ್ನೊಂದು ಮಾತು. ಶಾಪಿಂಗ್ ಪುಟದಲ್ಲಿ ಸಿಗಲಿಲ್ಲವೆಂದು ವಾಟ್ಸ್‌ಆ್ಯಪ್, ಟೆಲಿಗ್ರಾಂ ಗುಂಪುಗಳಲ್ಲಿ ಹುಡುಕಲು ಮಗನನ್ನು ಬಿಡಬೇಡಿ. ಮುಂಗಡ ಕಳಿಸಿದರೆ ಕೊರಿಯರ್‌ನಲ್ಲಿ ಬಂದೂಕು ಬರುತ್ತದೆ ಎನ್ನುವವರು ಹಣ ನುಂಗುವ ವಂಚಕರಾಗಿರಬಹುದು; ನಿಜವಾಗಿಯೇ ಬಂದೂಕು ಬಂದುಬಿಟ್ಟರೆ ಅದಕ್ಕಿಂತ ದೊಡ್ಡ ಆಪತ್ತು. ಅಕ್ರಮವಾಗಿ ಬಂದೂಕು ತಯಾರಿಸಿ ಮಾರುವವರಿಗೆ 2019ರ ತಿದ್ದುಪಡಿಯ ನಂತರ ಕನಿಷ್ಠ 7 ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆಯಿದೆ, ಪರವಾನಗಿ ಇಲ್ಲದೆ ಇಟ್ಟುಕೊಂಡವರೂ ಜೈಲಿಗೆ ಹೋಗಬೇಕಾಗುತ್ತದೆ. ಹಣ ಕಳೆದುಕೊಂಡವರು ತಡಮಾಡದೆ 1930ಕ್ಕೆ ಕರೆ ಮಾಡಿ ದೂರು ಕೊಡಬೇಕು.

ಪ್ರಶ್ನೆ: ಮಂಡಿಪೇಟೆಯಲ್ಲಿ ನನ್ನದು ಅಲಂಕಾರ ಸಾಮಗ್ರಿಗಳ ಅಂಗಡಿ. ಥರ್ಮೋಕೋಲ್, ಕೃತಕ ಹೂವು ಅಂಟಿಸಲು ಬಳಸುವ ಗ್ಲೂ ಗನ್ನನ್ನು ಒಂದು ಜಾಲತಾಣದ ಮಾರಾಟ ಪಟ್ಟಿಗೆ ಸೇರಿಸಿದಾಗ ‘ಆಯುಧ’ ಎಂಬ ಕಾರಣ ಕೊಟ್ಟು ತಿರಸ್ಕರಿಸಿದರು. ಇದೆಂಥ ನ್ಯಾಯ?
- ಒಬ್ಬ ವ್ಯಾಪಾರಿ, ತುಮಕೂರು

ಉತ್ತರ: ಇದು ಅನ್ಯಾಯವೇ. ಇದಕ್ಕೆ ದೊಡ್ಡದೊಂದು ಪೂರ್ವನಿದರ್ಶನವೂ ಇದೆ. 2018ರ ಫೆಬ್ರುವರಿ 14ರಂದು ಅಮೆರಿಕದ ಫ್ಲಾರಿಡಾ ರಾಜ್ಯದ ಪಾರ್ಕ್‌ಲ್ಯಾಂಡ್‌ನ ಶಾಲೆಯೊಂದರಲ್ಲಿ ನಡೆದ ಗುಂಡಿನ ದಾಳಿಯಲ್ಲಿ 17 ಮಂದಿ ಪ್ರಾಣ ಕಳೆದುಕೊಂಡರು. ಅದೇ ತಿಂಗಳ ಕೊನೆಯಲ್ಲಿ ಗೂಗಲ್ ಶಾಪಿಂಗ್‌ನಲ್ಲಿ, ಹುಡುಕುವ ಪದದ ಇಂಗ್ಲಿಷ್ ಕಾಗುಣಿತದೊಳಗೆ ಎಲ್ಲಿಯಾದರೂ ‘ಗನ್’ ಎಂಬ ಮೂರು ಅಕ್ಷರಗಳು ಒಟ್ಟಿಗೆ ಇದ್ದರೆ ಫಲಿತಾಂಶವೇ ಬರದಂತಾಯಿತು. ಗ್ಲೂ ಗನ್, ವಾಟರ್ ಗನ್ ಹೋದದ್ದಲ್ಲದೆ ಬರ್ಗಂಡಿ ಎಂಬ ದ್ರಾಕ್ಷಾರಸವೂ, ಗನ್ಸ್ ಎನ್ ರೋಸಸ್ ಎಂಬ ಸಂಗೀತ ತಂಡದ ಸರಕುಗಳೂ ಮರೆಯಾದವು. ಜನ ಗಮನಕ್ಕೆ ತಂದ ಮೇಲೆ ಕಂಪನಿ ಅದನ್ನು ಸರಿಪಡಿಸಿತು. ಸರಕನ್ನು ನೋಡದೆ ಅಕ್ಷರಗಳನ್ನಷ್ಟೇ ನೋಡಿ ತೀರ್ಪು ಕೊಡುವ ತಂತ್ರಾಂಶದಿಂದ ಆಗುವ ಎಡವಟ್ಟು ಇದು. ನಿಮ್ಮ ಪಟ್ಟಿಗೂ ಇಂಥದೇ ಗತಿ ಬಂದಿರುವಂತೆ ತೋರುತ್ತದೆ. ನಿಯಮ ಎಷ್ಟೇ ಒಳ್ಳೆಯದಾಗಿದ್ದರೂ ಅದನ್ನು ಹೀಗೆ ಜಾರಿ ಮಾಡಿದರೆ ನಿರಪರಾಧಿ ವ್ಯಾಪಾರಿಯ ಹೊಟ್ಟೆಯ ಮೇಲೆ ಹೊಡೆದಂತಾಗುತ್ತದೆ.

ಸದ್ಯಕ್ಕೆ ಹೀಗೆ ಮಾಡಿ ನೋಡಿ. ಸರಕಿನ ಶೀರ್ಷಿಕೆಯಲ್ಲಿ ‘ಅಂಟಿನ ಕಡ್ಡಿ ಕರಗಿಸುವ ಸಾಧನ, 20 ವಾಟ್, 7 ಮಿ.ಮೀ. ಕಡ್ಡಿಗೆ’ ಎಂದು ಅದರ ಕೆಲಸವನ್ನೂ ಅಳತೆಯನ್ನೂ ಬರೆಯಿರಿ. ಕರಕುಶಲ ಅಥವಾ ಉಪಕರಣಗಳ ವರ್ಗವನ್ನು ಆರಿಸಿ, ಕಡ್ಡಿ ಸಿಕ್ಕಿಸಿದ ಸ್ಥಿತಿಯ ಚಿತ್ರ ಹಾಕಿ, ಮರುಪರಿಶೀಲನೆಗೆ ಕೋರಿ. ಆಗಲೂ ಉತ್ತರ ಬಾರದಿದ್ದರೆ ಜಾಲತಾಣದ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಅವರು ದೂರು ತಲುಪಿದ್ದನ್ನು 24 ಗಂಟೆಯೊಳಗೆ ತಿಳಿಸಿ, ನಿಗದಿತ ಅವಧಿಯೊಳಗೆ ಇತ್ಯರ್ಥಪಡಿಸಬೇಕು. ದೂರಿನ ಸಂಖ್ಯೆಯನ್ನು ಜೋಪಾನ ಮಾಡಿ.

ಪ್ರಶ್ನೆ: ಇಂದು ಬಂದೂಕು, ನಾಳೆ ಪುಸ್ತಕ ಎಂದಾದರೆ? ಹುಡುಕಾಟದ ಕಂಪನಿಗಳ ಈ ಅಧಿಕಾರ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ವಿರುದ್ಧವಲ್ಲವೇ?
- ಕಾನೂನು ವಿದ್ಯಾರ್ಥಿನಿ, ತುಮಕೂರು

ಉತ್ತರ: ಸಂವಿಧಾನದ 19ನೇ ವಿಧಿಯ ರಕ್ಷಣೆ ಮುಖ್ಯವಾಗಿ ಪ್ರಭುತ್ವದ ಎದುರಿನದು. ಜಾಹೀರಾತಿಗೂ ಆ ರಕ್ಷಣೆ ಉಂಟೆಂದು 1995ರ ಟಾಟಾ ಪ್ರೆಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆಯಾದರೂ, ಖಾಸಗಿ ಕಂಪನಿಯೊಂದು ತನ್ನ ಪುಟದಲ್ಲಿ ಇಂಥ ಜಾಹೀರಾತು ಬೇಡವೆಂದರೆ ಆ ತೀರ್ಪಿನ ಬಲದಿಂದ ಅದನ್ನು ಒತ್ತಾಯಿಸಲಾಗದು. ನೀವು ಸಾಬು ಮ್ಯಾಥ್ಯೂ ಜಾರ್ಜ್ ಪ್ರಕರಣವನ್ನು ತಪ್ಪದೆ ಓದಬೇಕು. ಭ್ರೂಣಲಿಂಗ ಪತ್ತೆಯ ಜಾಹೀರಾತುಗಳನ್ನು 1994ರ ಕಾಯ್ದೆ ನಿಷೇಧಿಸಿದೆ. ಆ ಪ್ರಕರಣದಲ್ಲಿ ಗೂಗಲ್, ಯಾಹೂ, ಮೈಕ್ರೋಸಾಫ್ಟ್ ಕಂಪನಿಗಳು 2016ರಲ್ಲಿ ಕೆಲವು ಪದಗಳನ್ನು ತಡೆಹಿಡಿಯಲು ನ್ಯಾಯಾಲಯದ ಮುಂದೆ ಒಪ್ಪಿಕೊಂಡವು. ಜಾಹೀರಾತನ್ನು ತಡೆಯುವುದು ಒಂದು, ಜ್ಞಾನಕ್ಕಾಗಿ ಹುಡುಕುವವರನ್ನು ತಡೆಯುವುದು ಇನ್ನೊಂದು ಎಂಬ ವಾದ ಅಲ್ಲಿಯೂ ನಡೆಯಿತು.

ನಿಮ್ಮ ಆತಂಕದಲ್ಲಿ ನನಗೆ ನಿಜವೆನಿಸುವ ಭಾಗ ಒಂದಿದೆ. ಕಂಪನಿಯು ಫಲಿತಾಂಶ ತಡೆದಾಗ ಕಾರಣ ಹೇಳದೆ ಸುಮ್ಮನಾದರೆ, ಸರಕು ಇಲ್ಲವೋ ತೋರಿಸುತ್ತಿಲ್ಲವೋ ಎಂಬುದು ಹುಡುಕಿದವರಿಗೆ ಗೊತ್ತೇ ಆಗುವುದಿಲ್ಲ. ಮಧುಗಿರಿಯ ರೈತರಿಗೂ ಆದದ್ದು ಅದೇ. ಯಾವ ನಿಯಮದಡಿ ತಡೆಯಲಾಗಿದೆ, ಯಾರಲ್ಲಿ ವಿಚಾರಿಸಬೇಕು ಎಂಬ ಎರಡು ಸಾಲನ್ನು ಅದೇ ಪುಟದಲ್ಲಿ, ಕನ್ನಡದಲ್ಲಿಯೂ ತೋರಿಸಬೇಕೆಂದು ನಾವು ಕಂಪನಿಗಳನ್ನು ಕೇಳಬೇಕು.