‘ದೀಪ ಸುಡ್ತಿದೆ’ ಅಂದರೆ ಯಾಕೆ ನಗುತ್ತಾರೆ? ಸುಡು, ಉರಿ ಎರಡೂ ಒಂದೇ ಅಲ್ವಾ?

ನಿಮ್ಮ ಗೆಳೆಯರು ನಕ್ಕಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಕನ್ನಡ ಕಲಿಯುವವರು ಈ ಎರಡು ಪದಗಳಲ್ಲಿ ಎಡವುವುದು ಸಹಜ, ಯಾಕೆಂದರೆ ನಿಘಂಟು ತೆಗೆದರೆ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಅರ್ಥ ಕೊಟ್ಟಿರುತ್ತಾರೆ. ಮಾತಿನಲ್ಲಿ ಹಾಗಿಲ್ಲ.

ಬಲ್ಬನ್ನೇ ತಗೊಳ್ಳಿ. ‘ಬಲ್ಬ್ ಉರೀತಿದೆ’ ಅಂದರೆ ಬೆಳಕು ಬರುತ್ತಿದೆ. ‘ಬಲ್ಬ್ ಸುಟ್ಟುಹೋಗಿದೆ’ ಅಂದರೆ ಅದರ ಕಥೆ ಮುಗಿಯಿತು, ಹೊಸದು ತರಬೇಕು. ಬೆಂಕಿ, ದೀಪ, ಒಲೆ ಇವೆಲ್ಲ ಉರಿಯುತ್ತವೆ. ಆ ಬಿಸಿ ತಾಗಿ ಇನ್ನೊಂದಕ್ಕೆ ಏನೋ ಆಗುತ್ತದಲ್ಲ, ಅದು ಸುಡುವುದು. ದೀಪ ಉರಿಯುತ್ತದೆ, ಮುಟ್ಟಿದರೆ ಕೈ ಸುಡುತ್ತದೆ.

ಇದು ಗೊತ್ತಾದ ಮೇಲೂ ಒಂದು ಕಡೆ ಗೊಂದಲ ಉಳಿಯುತ್ತದೆ, ಅದು ಮೈಗೆ ಸಂಬಂಧಪಟ್ಟಿದ್ದು. ನನಗೆ ತುಂಬಾ ಇಷ್ಟವಾದ ಭಾಗವೂ ಅದೇ. ಮಗುವಿಗೆ ಜ್ವರ ಬಂದಾಗ ಹಣೆ ಮುಟ್ಟಿ ನೋಡಿದ ಅಮ್ಮ ‘ಅಯ್ಯೋ, ಮೈ ಸುಡ್ತಿದೆ’ ಅನ್ನುತ್ತಾಳೆ. ಅವಳು ‘ಉರೀತಿದೆ’ ಅನ್ನುವುದಿಲ್ಲ. ಉರಿ ಅನ್ನುವುದು ಒಳಗಿನಿಂದ ಅನುಭವಿಸುವವರಿಗೆ ಮಾತ್ರ ಗೊತ್ತಾಗುವ ಸಂಕಟ: ಕಣ್ಣುರಿ, ಎದೆಯುರಿ, ಉರಿಮೂತ್ರ. ಬಿಸಿ ಕಾಫಿ ಗುಟುಕರಿಸಿದರೆ ನಾಲಿಗೆ ಸುಡುತ್ತದೆ, ಮೆಣಸಿನಕಾಯಿ ಕಚ್ಚಿದರೆ ಉರಿಯುತ್ತದೆ. ಮೆಣಸಿನಕಾಯಿ ತಣ್ಣಗಿದ್ದರೂ ಅಷ್ಟೇ. ‘ಕೈ ಸುಟ್ಟಿತು, ಈಗ ಉರೀತಿದೆ’ ಅನ್ನುವ ಮಾತಲ್ಲಿ ಎರಡೂ ತಮ್ಮ ತಮ್ಮ ಜಾಗದಲ್ಲಿ ಕೂತಿವೆ ನೋಡಿ: ಮೊದಲು ಆದದ್ದು ಸುಡುವುದು, ಆಮೇಲೆ ಉಳಿದದ್ದು ಉರಿ.

ಹಾಗಾಗಿಯೇ ಸಿಟ್ಟು, ಅಸೂಯೆ ಎಲ್ಲ ಉರಿಯ ಪಾಲಿಗೆ ಹೋಗಿವೆ. ಪಕ್ಕದ ಮನೆಯವರು ಕಾರು ತಗೊಂಡರೆ ಹೊಟ್ಟೆ ಉರಿಯುತ್ತದೆ, ಕೆಲವರ ಮುಖ ನೋಡಿದರೇ ಮೈಯೆಲ್ಲ ಉರಿಯುತ್ತದೆ. ಆದರೆ ಗೊತ್ತಿಲ್ಲದ ವ್ಯಾಪಾರಕ್ಕೆ ದುಡ್ಡು ಹಾಕಿ ಕಳೆದುಕೊಂಡವನು ‘ಕೈ ಸುಟ್ಟುಕೊಂಡ’. ಅಲ್ಲಿ ನಷ್ಟ ಆಗಿದೆ, ಅವನೇ ಹೋಗಿ ಮುಟ್ಟಿದ್ದಾನೆ. ಆ ‘ಕೊಂಡ’ ಬಿಟ್ಟು ಬರೀ ‘ಕೈ ಸುಟ್ಟ’ ಅಂದರೆ ಬೇರೆ ಯಾರದೋ ಕೈಗೆ ಬೆಂಕಿ ಇಟ್ಟ ಹಾಗಾಗುತ್ತದೆ!

ಸುಡುವುದೆಲ್ಲ ಹಾಳಾಗುವುದಲ್ಲ ಅನ್ನುವುದೂ ಗಮನದಲ್ಲಿರಲಿ. ಹಪ್ಪಳ ಸುಡುತ್ತೇವೆ, ಇಟ್ಟಿಗೆ ಸುಡುತ್ತೇವೆ, ಅವು ಸುಟ್ಟ ಮೇಲೇ ಉಪಯೋಗಕ್ಕೆ ಬರುವುದು. ಅನ್ನವೋ ಹಾಲೋ ತಳ ಹಿಡಿದು ಕೆಟ್ಟರೆ ಅದಕ್ಕೆ ಬೇರೆಯೇ ಪದ ಇದೆ: ಸೀದುಹೋಯಿತು. ‘ಅನ್ನ ಸುಟ್ಟಿತು’ ಅಂದರೆ ಅರ್ಥವಾಗುತ್ತದೆ, ಆದರೆ ಅಡುಗೆಮನೆಯ ಮಾತು ಅನ್ನಿಸುವುದಿಲ್ಲ. ಹಾಗೇ ಜಾಹೀರಾತುಗಳಲ್ಲಿ ‘ಕೊಬ್ಬು ಸುಡುತ್ತದೆ’ ಅಂತ ಓದಿದಾಗೆಲ್ಲ ನನಗೆ ಬಾಣಲೆ ನೆನಪಾಗುತ್ತದೆ. ಕೊಬ್ಬು ಕರಗುತ್ತದೆ ಅಂದರೆ ಸಾಕಲ್ಲ.

ವ್ಯಾಕರಣ ಜಾಸ್ತಿ ಇಲ್ಲ. ಭೂತಕಾಲದಲ್ಲಿ ‘ಸುಡಿತು’ ಅಂತ ಬರೆಯಬೇಡಿ, ‘ಸುಟ್ಟಿತು’. ಕೊಡು–ಕೊಟ್ಟು, ಬಿಡು–ಬಿಟ್ಟು, ಇಡು–ಇಟ್ಟು ಇದ್ದ ಹಾಗೆ ಸುಡು–ಸುಟ್ಟು. ಕೈ ತಾನಾಗಿ ಸುಟ್ಟರೂ, ನೀವು ಕಾಗದ ಸುಟ್ಟರೂ ಪದ ಅದೇ. ಉರಿಗೆ ಮಾತ್ರ ಬೇರೆಯವರು ಮಾಡಿದಾಗ ‘ಉರಿಸು’ ಬೇಕು: ದೀಪ ಉರಿಯಿತು, ದೀಪ ಉರಿಸಿದಳು. ಇನ್ನು ‘ಸುಡಲ್ಪಟ್ಟಿತು’ ಅನ್ನುವುದನ್ನು ಯಾವುದೋ ಅನುವಾದದಲ್ಲಿ ಓದಿರುತ್ತೀರಿ, ಬಾಯಲ್ಲಿ ಯಾರೂ ಅನ್ನುವುದಿಲ್ಲ, ‘ಸುಟ್ಟುಹೋಯ್ತು’ ಅಂತಲೇ ಅನ್ನುತ್ತಾರೆ. ಅಂದಹಾಗೆ ತಮಿಳಿನಲ್ಲೂ ಸುಡು ಇದೆ, ಅಲ್ಲಿ ಬಂದೂಕಿನಿಂದ ಗುಂಡು ಹೊಡೆಯುವುದಕ್ಕೂ ಅದೇ ಪದ. ಈಗಿನ ಕನ್ನಡದ ಮಾತಿನಲ್ಲಿ ಆ ಅರ್ಥ ಇಲ್ಲ, ನೀವು ತಮಿಳು ಬಲ್ಲವರಾದರೆ ಅಲ್ಲೊಂದು ಹುಷಾರಿರಲಿ.

ಇನ್ನೊಂದು ಹುಷಾರು ‘ಸುಡುಗಾಡು’ ವಿಷಯದಲ್ಲಿ. ಸುಡು, ಕಾಡು ಸೇರಿ ಆದ ಪದ, ಅರ್ಥ ಸ್ಮಶಾನ. ಆದರೆ ದಿನವಿಡೀ ಕಿವಿಗೆ ಬೀಳುವುದು ಬೈಗುಳವಾಗಿ, ‘ಏನ್ ಸುಡುಗಾಡೋ, ಒಂದೂ ಅರ್ಥ ಆಗ್ತಿಲ್ಲ’ ಅಂತ. ಗೆಳೆಯರ ಹತ್ತಿರ ಧಾರಾಳವಾಗಿ ಬಳಸಿ. ಹಿರಿಯರ ಮುಂದೆ, ಅದರಲ್ಲೂ ಅವರು ಏನಾದರೂ ಶುಭಕಾರ್ಯದ ಮಾತಾಡುತ್ತಿರುವಾಗ, ಬಾಯಿ ತಪ್ಪಿಯೂ ಬೇಡ.